ನಿಮ್ಮ ಕಡೆ ಎಷ್ಟು ಸೆಂಟ್ಸ್ ಮಳೆ ಬಂತು, ತಂಗೀ?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ. ಮನೆಯವರೊಬ್ಬರು ತೀರಿಕೊಂಡ ಮೇಲೆ ಉಳಿದವರು ಹೇಗಿರಬೇಕು ಅನ್ನುವುದು. ಹಾಗಾಗಿ ಅತ್ತೆ-ಸೊಸೆ ಜಗಳದ ಕಾಗದಗಳನ್ನೆಲ್ಲ ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಆ ಜಗಳಗಳು ಎಲ್ಲೂ ಓಡಿಹೋಗುವುದಿಲ್ಲ. ಹೆಸರು ಬೇಡ ಅಂತ ಮೂವರೂ ಬರೆದಿದ್ದಾರೆ, ಹಾಕಿಲ್ಲ.

*

ಪ್ರಶ್ನೆ: ಅಮ್ಮ ಹೋಗಿ ಒಂಬತ್ತು ತಿಂಗಳಾಯಿತು. ಅಪ್ಪನಿಗೆ 74 ವರ್ಷ. ತಟ್ಟೆ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂತಿರುತ್ತಾರೆ. ಮೊಮ್ಮಕ್ಕಳು ಹತ್ತಿರ ಹೋದರೂ ಮಾತಿಲ್ಲ. ಮೊನ್ನೆ, ‘ಅವಳು ನನ್ನನ್ನೂ ಕರೆದುಕೊಂಡು ಹೋಗಬಾರದಿತ್ತಾ’ ಅಂದರು. ಅವರಿಗೆ ಖುಷಿ ಆಗುವಂಥದ್ದು ಏನು ಮಾಡಲಿ? (ಶನಿವಾರಸಂತೆ ಕಡೆಯಿಂದ)

ಉತ್ತರ: ಮೊದಲು ಡಾಕ್ಟರು, ಖುಷಿ ಆಮೇಲೆ. ಇದು ಕಾಯುವ ವಿಷಯ ಅಲ್ಲ, ಅದಕ್ಕೇ ನಿಮ್ಮ ಕಾಗದವನ್ನು ಮೇಲಕ್ಕೆ ತಂದೆ.

ಮೂವತ್ತು ವರ್ಷ ಆರೋಗ್ಯ ಕೇಂದ್ರಗಳಲ್ಲಿ ಸಿಸ್ಟರ್ ಆಗಿದ್ದವಳು ನಾನು. ನಿಮ್ಮ ತಂದೆ ಆಡಿದ ಮಾತನ್ನು ನೂರಾರು ಬಾಯಲ್ಲಿ ಕೇಳಿದ್ದೇನೆ. ಜಾಸ್ತಿ ಜನ ಬೇಸರಕ್ಕೆ ಅನ್ನುತ್ತಾರೆ. ಕೆಲವರು ಬೇಸರಕ್ಕೆ ಅನ್ನುವುದಿಲ್ಲ. ಯಾರು ಯಾವ ಥರ ಅಂತ ನೀವು ಊಹೆ ಮಾಡುತ್ತಾ ಕೂರಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ. ‘ಅಪ್ಪಾ, ಸಾಯುವ ಯೋಚನೆ ಬರುತ್ತಾ ನಿಮಗೆ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅಂತ ಹೆದರುತ್ತೇವೆ. ಹಾಗಾಗುವುದಿಲ್ಲ. ಕೇಳಿದ್ದಕ್ಕೆ ಎಷ್ಟೋ ಜನರಿಗೆ ಹಗುರವಾಗುತ್ತದೆ. ತೋಟಕ್ಕೆ ಹೊಡೆಯುವ ಔಷಧಿಗಳನ್ನು ಇವತ್ತೇ ಬೀಗ ಹಾಕಿ ಇಡಿ. ಮನೆಯಲ್ಲಿ ಕೋವಿ ಇದ್ದರೆ ಅದನ್ನೂ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

ರಕ್ತ ಪರೀಕ್ಷೆ ಮಾಡಿಸಿ. ವಯಸ್ಸಾದವರು ಊಟ ಬಿಟ್ಟರೆ ದುಃಖವೇ ಕಾರಣ ಅಂತ ತೀರ್ಮಾನಿಸಿಬಿಡುತ್ತೇವೆ. ಸಕ್ಕರೆ, ಥೈರಾಯ್ಡ್ ಏನಾದರೂ ಇರಬಹುದು. ಅದರ ಜೊತೆಗೆ ಮನೋವೈದ್ಯರನ್ನೂ ಕಾಣಿ. ಆರು ತಿಂಗಳು ದಾಟಿದ ಮೇಲೂ ದಿನದಿನದ ಬದುಕೇ ನಿಂತುಹೋಗುವಷ್ಟು ದುಃಖ ಇದ್ದರೆ ಅದನ್ನು ಚಿಕಿತ್ಸೆ ಬೇಕಾದ ತೊಂದರೆ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅಂದರೆ ‘ವಯಸ್ಸಾಯ್ತು, ಇನ್ನೇನು’ ಅಂತ ಕೈಚೆಲ್ಲುವಂಥದ್ದಲ್ಲ ಇದು.

ರಾತ್ರಿ ಎರಡು ಗಂಟೆಗೆ ನಿಮಗೇ ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು. ದುಡ್ಡು ಕೊಡಬೇಕಾಗಿಲ್ಲ, ಹಗಲೂ ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪನಿಗೋಸ್ಕರ ಮಗನೂ ಮಾಡಬಹುದು.

*

ಪ್ರಶ್ನೆ: ನಾವು ಕೊಡವರು. ಹೋದ ವರ್ಷ ಅಣ್ಣ ಬೈಕ್ ಅಪಘಾತದಲ್ಲಿ ಹೋದ. ನಮ್ಮ ಕುಟುಂಬದ ಹಾಕಿ ಟೀಮಿನಲ್ಲಿ ಅವನು ಫಾರ್ವರ್ಡ್. ಈ ಸಲ ಅವನ ನಂಬರಿನ ಜೆರ್ಸಿ ನಾನು ಹಾಕಿಕೊಂಡು ಆಡಬೇಕು ಅಂತ ಮನೆಯವರ ಆಸೆ. ಆಡುವುದಕ್ಕೆ ನನಗೂ ಆಸೆ ಇದೆ. ಆದರೆ ಜೆರ್ಸಿ ಮುಟ್ಟುವುದಕ್ಕೇ ಆಗುತ್ತಿಲ್ಲ. ಇನ್ನೊಂದು, ಹುತ್ತರಿ ಹಬ್ಬದಲ್ಲಿ ಭತ್ತದ ಕದಿರು ತೆಗೆಯುವಾಗ ಗುಂಡು ಹಾರಿಸಿದ್ದಕ್ಕೆ ಮೈ ನಡುಗಿಬಿಟ್ಟಿತು. ಅಣ್ಣ ಹೋದ ದಿನದ ಎರಡು ಗುಂಡು ಮತ್ತೆ ಕೇಳಿಸಿದ ಹಾಗಾಯಿತು. ಮೈದಾನದಲ್ಲೂ ಹಾಗಾದರೆ? (ಗೋಣಿಕೊಪ್ಪಲಿನಿಂದ, 26 ವರ್ಷ)

ಉತ್ತರ: ಆಡಿ ತಮ್ಮಾ. ಜೆರ್ಸಿ ಬೇಡ.

ಹಾಕಿಯಲ್ಲಿ ಯಾವ ಕಾರ್ಡಿಗೆ ಏನು ಶಿಕ್ಷೆ ಅಂತಲೂ ನನಗೆ ಗೊತ್ತಿಲ್ಲ. ಆದರೂ 2024ರಲ್ಲಿ ನಾಪೋಕ್ಲಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 360 ಕುಟುಂಬಗಳು ಆಡಿದಾಗ ಎರಡು ದಿನ ಹೋಗಿ ಕೂತಿದ್ದೆ. ಒಂದೇ ಟೀಮಿನಲ್ಲಿ ಅಜ್ಜ, ಸೊಸೆ, ಇನ್ನೂ ಮೀಸೆ ಬರದ ಹುಡುಗ, ಎಲ್ಲರೂ ಇದ್ದರು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಇದನ್ನು ಶುರು ಮಾಡಿದ್ದೇ ಕುಟುಂಬಗಳು ಒಟ್ಟು ಸೇರಲಿ ಅಂತ. ಅಲ್ಲಿ ನಿಮ್ಮ ಅಣ್ಣನ ಜಾಗದಲ್ಲಿ ನಿಂತು ಅವನ ಹಾಗೇ ಆಡಿ ತೋರಿಸಬೇಕು ಅಂತ ಯಾವ ನಿಯಮವೂ ಇಲ್ಲ. ನಿಮ್ಮದೇ ಒಂದು ನಂಬರ್ ತೆಗೆದುಕೊಳ್ಳಿ. ಆ ಜೆರ್ಸಿ ಅಮ್ಮನ ಮಡಿಲಲ್ಲಿ ಗ್ಯಾಲರಿಯಲ್ಲಿ ಇರಲಿ. ಮುಂದೆ ಯಾವತ್ತಾದರೂ ಹಾಕಿಕೊಳ್ಳಬೇಕು ಅನ್ನಿಸಿದರೆ ನೋಡೋಣ, ಅನ್ನಿಸದಿದ್ದರೂ ಸರಿ. ಆಟದ ನಡುವೆ ಅಣ್ಣನ ನೆನಪೇ ಇಲ್ಲದೆ ಹತ್ತು ನಿಮಿಷ ಕಳೆದುಹೋದರೆ ಆಮೇಲೆ ಕೂತು ಲೆಕ್ಕ ಹಾಕಬೇಡಿ. ಚೆಂಡಿನ ಹಿಂದೆ ಓಡುವವನಿಗೆ ಚೆಂಡು ಮಾತ್ರ ಕಾಣಬೇಕು.

ಗುಂಡಿನ ವಿಷಯ. ನಿಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು, ಹುತ್ತರಿಯ ಕದಿರಿಗೆ ಮತ್ತೆ. ಕೋವಿ ಅದೇ. ಮೈಗೆ ಈ ವ್ಯತ್ಯಾಸ ಬೇಗ ತಿಳಿಯುವುದಿಲ್ಲ, ಅದು ನಡುಗುತ್ತದೆ. ಇಂಜೆಕ್ಷನ್ ಕೊಡುವಾಗ ನಾನು ಮಕ್ಕಳಿಗೆ ಸೂಜಿ ತೋರಿಸಿ, ‘ಈಗ ಚುಚ್ಚುತ್ತೇನೆ’ ಅಂತ ಹೇಳಿಯೇ ಚುಚ್ಚುತ್ತಿದ್ದೆ. ಗೊತ್ತಿಲ್ಲದೆ ಚುಚ್ಚಿಸಿಕೊಂಡವರಷ್ಟು ಅವರು ಬೆಚ್ಚುತ್ತಿರಲಿಲ್ಲ. ಹಾಕಿ ಹಬ್ಬದ ಉದ್ಘಾಟನೆಗೆ ಗುಂಡು ಹಾರಿಸುವಾಗ ನೀವೂ ದೂರ ನಿಲ್ಲಬೇಡಿ. ಹಾರಿಸುವವರು ಕಣ್ಣಿಗೆ ಕಾಣುವ ಜಾಗದಲ್ಲಿ ನಿಂತು, ಅವರು ಕೋವಿ ಎತ್ತುವುದನ್ನು ನೋಡಿ. ಅದೂ ಕಷ್ಟ ಅಂದರೆ ಆ ದಿನ ತಡವಾಗಿ ಹೋಗಿ. ಯಾರೂ ಹಾಜರಿ ತೆಗೆದುಕೊಳ್ಳುವುದಿಲ್ಲ.

*

ಪ್ರಶ್ನೆ: ಅಕ್ಕಾ, ನಮ್ಮದು ಐದು ಎಕರೆ ರೊಬಸ್ಟಾ ಕಾಫಿ ತೋಟ. ಯಜಮಾನರು ಹೋದ ಜುಲೈಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಈ ಮಾರ್ಚ್ ಮೊದಲ ವಾರ ಮಳೆ ಬಂತು. ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ತೋಟ ಪೂರ್ತಿ ಹೂ ಬಿಟ್ಟು ಬೆಳ್ಳಗಾಗಿತ್ತು. ಆ ವಾಸನೆಗೆ ನನಗೆ ಗೊತ್ತಿಲ್ಲದೆಯೇ ಬಾಯಿಗೆ ಹಾಡು ಬಂತು. ಕಾಫಿ ಲೋಟ ಹಿಡಿದುಕೊಂಡು ಹಾಡುತ್ತಾ ಗಿಡಗಳ ನಡುವೆ ಹೋದೆ. ಮನೆಗೆ ಬಂದಿದ್ದ ನಾದಿನಿ ನೋಡಿ, ‘ಅತ್ತಿಗೆ, ಅಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ’ ಅಂದಳು. ಅಷ್ಟೇ ಅಂದದ್ದು. ಅವತ್ತಿನಿಂದ ನಾನು ತೋಟಕ್ಕೆ ಇಳಿದಿಲ್ಲ. ಬೆಂಗಳೂರಿನಲ್ಲಿರುವ ಮಗಳು ದುಃಖಕ್ಕೆ ಐದು ಹಂತ ಇದೆ ಅಂತ ಮೊಬೈಲಿಗೆ ಕಳಿಸಿದ್ದಾಳೆ. ಹಾಡುವುದು ಅದರಲ್ಲಿ ಯಾವ ಹಂತದಲ್ಲೂ ಇಲ್ಲ. ಇನ್ನೊಂದು ಮಾತು. ಅವರು 31 ವರ್ಷ ದಿನಾ ಮಳೆ ಅಳೆದು ಪುಸ್ತಕದಲ್ಲಿ ಬರೆದಿದ್ದಾರೆ. ಅವರು ಹೋದ ದಿನದಿಂದ ಪುಸ್ತಕ ಖಾಲಿ. ನೋಡಿದರೆ ಹೊಟ್ಟೆ ಕಿವುಚುತ್ತದೆ. ಪಕ್ಕದ ತೋಟದವರ ಲೆಕ್ಕ ತಂದು ತುಂಬಿಸಿಬಿಡಲಾ? ನನ್ನಂಥವಳು ಖುಷಿಯಾಗಿ ಇರಬಹುದಾ? (ಮಾದಾಪುರ ಕಡೆಯಿಂದ, 58 ವರ್ಷ)

ಉತ್ತರ: ಯಾವ ಹಾಡು ಅಂತ ನೀವು ಬರೆದಿಲ್ಲ ತಂಗೀ. ಕಾಗದವನ್ನು ಎರಡು ಸಲ ಓದಿದೆ, ಎರಡು ಸಲವೂ ಅದನ್ನೇ ಹುಡುಕಿದೆ.

ಮೊದಲು ಆ ಐದು ಹಂತದ ಕಥೆ ಮುಗಿಸೋಣ. ಅದನ್ನು 1969ರಲ್ಲಿ ಬರೆದವರು ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನುವ ಡಾಕ್ಟರ್. ಅವರು ಮಾತಾಡಿಸಿದ್ದು ಸಾವು ಹತ್ತಿರ ಬಂದಿದ್ದ ರೋಗಿಗಳನ್ನು. ತಾನು ಸಾಯುತ್ತೇನೆ ಅಂತ ಗೊತ್ತಾದವರ ಮನಸ್ಸು ಹೇಗಿರುತ್ತದೆ ಅಂತ ನೋಡಿ ಬರೆದರು. ಆಮೇಲೆ ಅದನ್ನೇ ತಂದು ಉಳಿದವರ ದುಃಖಕ್ಕೂ ಅಂಟಿಸಿದರು. ಈಗ ಮೊಬೈಲಿನಲ್ಲಿ ಮೆಟ್ಟಿಲಿನ ಚಿತ್ರವಾಗಿ ಓಡಾಡುತ್ತಿದೆ. ಮಗಳು ಪ್ರೀತಿಯಿಂದ ಕಳಿಸಿದ್ದಾಳೆ, ಬೈಯಬೇಡಿ. ಆದರೆ ನೀವು ಎಷ್ಟನೇ ಮೆಟ್ಟಿಲಲ್ಲಿ ಇದ್ದೀರಿ ಅಂತ ಹುಡುಕಲೂ ಬೇಡಿ.

ನೆದರ್ಲೆಂಡ್ಸಿನ ಇಬ್ಬರು, ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್, 1999ರಲ್ಲಿ ಬೇರೆ ಮಾತು ಹೇಳಿದರು. ಒಬ್ಬರನ್ನು ಕಳೆದುಕೊಂಡವರು ಒಂದಷ್ಟು ಹೊತ್ತು ಸಂಕಟದ ಕಡೆ ಇರುತ್ತಾರೆ, ಒಂದಷ್ಟು ಹೊತ್ತು ಬದುಕಿನ ಕೆಲಸದ ಕಡೆ ಬರುತ್ತಾರೆ, ಮತ್ತೆ ಆಚೆ ಹೋಗುತ್ತಾರೆ. ಹೀಗೆ ಆಚೆ ಈಚೆ ಓಡಾಡುವುದೇ ಆರೋಗ್ಯ ಅಂತ. ಇದನ್ನು ಓದಿದಾಗ ನನಗೆ ನಗು ಬಂತು. ಹೆಂಗಸರು ಅಳುವುದೇ ಹಾಗೆ, ಅಲ್ವಾ? ಹಾಲು ಉಕ್ಕುವ ಸದ್ದಾದರೆ ಅಳು ನಿಲ್ಲಿಸಿ, ಎದ್ದು ಹೋಗಿ ಒಲೆ ಆರಿಸಿ, ಬಂದು ಮತ್ತೆ ಕೂತು ಅಳುತ್ತೇವೆ.

2018ರ ಆಗಸ್ಟಿನಲ್ಲಿ ನಿಮ್ಮ ಕಡೆಯೇ, ಮಕ್ಕಂದೂರು, ಮುಕ್ಕೋಡ್ಲು ಎಲ್ಲ ಗುಡ್ಡ ಜರಿದಿತ್ತಲ್ಲ. ಆಗ ನಾನು ರಿಟೈರ್ ಆಗಿದ್ದೆ. ಆದರೂ ಪರಿಹಾರ ಕೇಂದ್ರವೊಂದಕ್ಕೆ ಹೋಗಿ ಹದಿನೈದು ದಿನ ಬಿಪಿ ನೋಡಿಕೊಂಡು, ಮಾತ್ರೆ ಕೊಟ್ಟುಕೊಂಡು ಇದ್ದೆ. ಒಂದು ಸಂಜೆ ಹೆಂಗಸರೆಲ್ಲ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಓಡಿ ಬರುವಾಗ ಕೈಗೆ ಏನು ಸಿಕ್ಕಿತು ಅಂತ ಒಬ್ಬೊಬ್ಬರೂ ಹೇಳುತ್ತಿದ್ದರು. ಒಬ್ಬಳು ಕುಕ್ಕರಿನ ಮುಚ್ಚಳ ಮಾತ್ರ ತಂದಿದ್ದಳು. ಕುಕ್ಕರು ಮನೆ ಸಮೇತ ಹೋಗಿತ್ತು. ಇನ್ನೊಬ್ಬಳು ರೇಷನ್ ಕಾರ್ಡ್ ಅಂದುಕೊಂಡು ಹಳೇ ಮದುವೆ ಕಾಗದ ಹಿಡಿದು ಓಡಿದ್ದಳು. ಅವತ್ತಿನ ನಗುವನ್ನು ನಾನು ಮದುವೆ ಮನೆಯಲ್ಲೂ ಕೇಳಿಲ್ಲ. ಆ ಮುಚ್ಚಳದವಳೇ ರಾತ್ರಿ ನನ್ನ ಕೈ ಹಿಡಿದುಕೊಂಡು ಬೆಳಗಿನವರೆಗೂ ಅತ್ತಳು. ಸಂಜೆ ನಕ್ಕಿದ್ದು ಸುಳ್ಳು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಈಗ ನನ್ನದು ಹೇಳುತ್ತೇನೆ. ನಮ್ಮವರು ಸರ್ಕಾರಿ ಬಸ್ಸಿನ ಕಂಡಕ್ಟರ್. ಸೋಮವಾರಪೇಟೆ, ಮಾದಾಪುರ, ಮಡಿಕೇರಿ. ಆ ದಾರಿಯಲ್ಲಿ ನೀವು ಅವರ ಕೈಯಿಂದ ಟಿಕೆಟ್ ತೆಗೆದುಕೊಂಡಿದ್ದರೂ ಇರಬಹುದು. ಚಿಲ್ಲರೆಗೆ ಜಗಳ ಆಡುತ್ತಿದ್ದರು, ಆ ವಿಷಯದಲ್ಲಿ ಕ್ಷಮಿಸಿ. ಅವರು ಹೋದದ್ದು 2009ರಲ್ಲಿ, ಏಪ್ರಿಲ್ ಕೊನೆಗೆ. ಜೂನ್‌ನಲ್ಲಿ ಒಂದು ದಿನ ದೊಡ್ಡ ಗುಡುಗು ಬಂತು. ಮರುದಿನ ನಾನು ಸುಮ್ನೆ ತೋಟದ ಹಿಂದೆ ಹೋದೆ. ಹುತ್ತದ ಬುಡದಲ್ಲಿ ಅಣಬೆ ಎದ್ದಿತ್ತು. ಒಂದೆರಡಲ್ಲ, ಒಂದು ಬುಟ್ಟಿ ಆಗುವಷ್ಟು. ಆ ಜಾಗ ನಮ್ಮವರಿಗೆ ಅವರ ಅಪ್ಪ ತೋರಿಸಿದ್ದು. ಅವರು ನನಗೆ ಬಿಟ್ಟು ಇನ್ಯಾರಿಗೂ ತೋರಿಸಿರಲಿಲ್ಲ. ಕಂಡ ತಕ್ಷಣ ನಾನು ಮನೆ ಕಡೆ ತಿರುಗಿ, ‘ರೀ, ಬುಟ್ಟಿ ತನ್ನಿ!’ ಅಂತ ಕೂಗಿದೆ.

ಕೂಗಿದ ಮೇಲೆ ಗೊತ್ತಾಯಿತು.

ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಜಿಗಣೆ ಕಾಲು ಹತ್ತಿತ್ತು, ಅದು ಮಾತ್ರ ನೆನಪಿದೆ. ಆಮೇಲೆ ಸೆರಗಿಗೆ ಅಣಬೆ ತುಂಬಿಕೊಂಡೆ. ಉಳಿದದ್ದರ ಮೇಲೆ ಸೊಪ್ಪು ಮುಚ್ಚಿದೆ, ದಾರಿಯಲ್ಲಿ ಹೋಗುವವರಿಗೆ ಕಾಣಬಾರದು ಅಂತ. ಎರಡು ತಿಂಗಳಿಂದ ಏನೂ ಬೇಡ ಅಂತಿದ್ದ ನನಗೆ ಅಣಬೆ ಬೇರೆಯವರ ಪಾಲಾಗಬಾರದು ಅನ್ನುವ ಜಿಪುಣತನ ಬಂದುಬಿಟ್ಟಿತ್ತು. ಮನೆಗೆ ಬಂದು ಸಾರು ಮಾಡಿ ಅಕ್ಕಿರೊಟ್ಟಿ ತಟ್ಟಿದೆ. ಚೆನ್ನಾಗಿತ್ತು. ಎರಡು ಸಲ ಹಾಕಿಕೊಂಡೆ. ಅಳುತ್ತಲೇ ಹಾಕಿಕೊಂಡೆ ಅನ್ನಿ, ಆದರೂ ಹಾಕಿಕೊಂಡೆ.

ನಿಮ್ಮ ನಾದಿನಿಯ ಮೇಲೆ ನನಗೆ ಕೋಪ ಬಂದಿಲ್ಲ. ನೀವು ಗಂಡನನ್ನು ಕಳೆದುಕೊಂಡಿರಿ, ಅವಳು ಅಣ್ಣನನ್ನು ಕಳೆದುಕೊಂಡಳು. ಅವಳ ಪಾಲಿಗೆ ಅದು ತವರು. ಆ ಮನೆಯಲ್ಲಿ ಹಾಡು ಕೇಳಿದಾಗ ಅಣ್ಣನನ್ನು ಎಲ್ಲರೂ ಮರೆತರೇನೋ ಅಂತ ಅವಳಿಗೆ ಹೆದರಿಕೆ ಆಗಿರಬೇಕು. ಫೋನ್ ಮಾಡಿ. ಹಾಡಿನ ಮಾತು ಎತ್ತಬೇಡಿ. ‘ನಿನ್ನ ಅಣ್ಣನಿಗೆ ಮಳೆ ಅಳೆಯುವ ಹುಚ್ಚು ಹಿಡಿಸಿದ್ದು ಯಾರೇ?’ ಅಂತ ಕೇಳಿ. ಅವಳ ಹತ್ತಿರ ನಿಮಗೆ ಗೊತ್ತಿಲ್ಲದ ಕಥೆಗಳಿರುತ್ತವೆ.

ಊರಿನ ಮೇಲೆ ಮಾತ್ರ ಕೋಪ ಇದೆ, ಅದನ್ನು ಹೇಳಿಯೇ ಹೇಳುತ್ತೇನೆ. ಹೆಂಡತಿ ಸತ್ತ ಗಂಡಸು ಮೂರನೇ ತಿಂಗಳಿಗೆ ಇಸ್ಪೀಟಿಗೆ ಕೂತರೆ, ‘ಪಾಪ, ಮನಸ್ಸು ಹಗುರ ಮಾಡಿಕೊಳ್ಳಲಿ’ ಅನ್ನುತ್ತಾರೆ. ಗಂಡ ಸತ್ತವಳು ತನ್ನದೇ ತೋಟದಲ್ಲಿ ಒಂದು ಸಾಲು ಹಾಡಿದರೆ ಕ್ಯಾಲೆಂಡರ್ ತೆಗೆಯುತ್ತಾರೆ. ನಮ್ಮ ಹಿರಿಯರೇನೂ ಹೀಗಿರಲಿಲ್ಲ. ಎಡೆ ಇಡುವುದನ್ನೇ ನೋಡಿ. ಹೋದವರಿಗೆ ಇಷ್ಟವಾದದ್ದೆಲ್ಲ ಮಾಡಿ, ಎಲೆಗೆ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಆಮೇಲೆ ಎಲ್ಲರೂ ಕೂತು ಹೊಟ್ಟೆ ತುಂಬ ತಿನ್ನುತ್ತೇವೆ. ನಮ್ಮವರಿಗೆ ಹಂದಿ ಸಾರು, ಬೆಲ್ಲದ ಕಾಫಿ, ಒಂದು ಕಟ್ಟು ಬೀಡಿ ಇಡುತ್ತೇವೆ. ಆ ಬೀಡಿ ಯಾರಿಗೆ ಅಂತ ನನ್ನ ಮೈದುನಂದಿರು ಪ್ರತಿ ವರ್ಷ ಜಗಳ ಆಡುತ್ತಾರೆ.

ಖುಷಿಯಾಗಿ ಇರಬಹುದಾ ಅಂತ ಕೇಳಿದ್ದೀರಿ. ಇರಬಹುದು. ಇದಕ್ಕೆ ಯಾರ ಅಪ್ಪಣೆಯೂ ಬೇಡ, ನನ್ನದೂ ಬೇಡ. ಆದರೆ ಒಂದು ವಿಷಯ ತಿಳಿದಿರಲಿ. ಜುಲೈ ಹತ್ತಿರ ಬಂದ ಹಾಗೆ ಮತ್ತೆ ಕುಸಿಯಬಹುದು. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಸಾಕು, ಮೈಗೆ ನೆನಪಾಗುತ್ತದೆ. ‘ಸರಿಹೋಗಿದ್ದೆ, ಮತ್ತೆ ಕೆಟ್ಟೆ’ ಅಂದುಕೊಳ್ಳಬೇಡಿ. ವರ್ಷದ ಕಾರ್ಯ ಮುಗಿದ ಮೇಲೆ ಆಗಸ್ಟ್ ಮೊದಲ ವಾರ ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ, ಬರುತ್ತದೆ. ಮಗಳನ್ನೂ ಮೊಮ್ಮಕ್ಕಳನ್ನೂ ಕರೆಸಿ ಮದ್ದು ಸೊಪ್ಪಿನ ಪಾಯಸ ಮಾಡಿ. ಆ ನೇರಳೆ ಬಣ್ಣದ ಪಾಯಸ ತಿಂದ ಬೆಂಗಳೂರಿನ ಮಕ್ಕಳು ಆಮೇಲೆ ಬಚ್ಚಲಿನಿಂದ, ‘ಅಜ್ಜೀ, ಉಚ್ಚೆ ಕೆಂಪಗೆ ಬರ್ತಿದೆ!’ ಅಂತ ಕಿರುಚಿಕೊಂಡು ಓಡಿ ಬರುವಾಗ ನಾದಿನಿಯೂ ಪಕ್ಕದಲ್ಲಿ ಇರಲಿ. ಅವಳು ನಗದೆ ಇರುತ್ತಾಳಾ ನೋಡೋಣ.

ಇನ್ನು ತೋಟ. ಒಣಗಿದ ಮೊಗ್ಗಿಗೆ ಮಳೆ ಬಿದ್ದರೆ ಹೂವಾಗುವ ಹಾಗೆ ಮನಸ್ಸೂ ಅಂತ ಹೇಳುವ ಚಟ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಇದೆ. ನನಗೆ ಅದು ಸೇರುವುದಿಲ್ಲ. ಗಿಡಕ್ಕೆ ಯಾರೂ ಸತ್ತಿರುವುದಿಲ್ಲ. ನಾನು ಹೇಳುವುದು ಕೆಲಸದ ಮಾತು. ಹೂ ಮಳೆ ಬಂತು, ಹೂವಾಯಿತು. ಅದಾಗಿ ಎರಡು-ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಎರಡನೇ ಮಳೆ, ಬರಬೇಕು. ಬರದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ ಅಂತ ನಿಮಗೆ ಗೊತ್ತು. ಬಂದ ಮಳೆ ಸಾಕಾ, ಇಲ್ಲ ಸ್ಪ್ರಿಂಕ್ಲರ್ ಇಡಬೇಕಾ? ಇದನ್ನು ಇಷ್ಟು ವರ್ಷ ಅವರು ತೀರ್ಮಾನಿಸುತ್ತಿದ್ದರು. ಈಗ ನೀವು ತೀರ್ಮಾನಿಸಬೇಕು. ತೀರ್ಮಾನಿಸುವುದಕ್ಕೆ ಎಷ್ಟು ಮಳೆ ಬಿತ್ತು ಅಂತ ಗೊತ್ತಿರಬೇಕು.

ಹಾಗಾಗಿ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಪಕ್ಕದ ತೋಟದವರ ಲೆಕ್ಕ ತಂದು ತುಂಬಿಸಬೇಡಿ. ನಮ್ಮ ಗುಡ್ಡಗಳಲ್ಲಿ ಈ ಕಡೆ ಒಂದು ಇಂಚು ಬಿದ್ದರೆ ಆ ಕಡೆ ಎರಡು ಬೀಳುತ್ತದೆ. 31 ವರ್ಷ ಸರಿಯಾಗಿ ಬರೆದ ಮನುಷ್ಯನ ಪುಸ್ತಕದಲ್ಲಿ ಇನ್ಯಾರದೋ ತೋಟದ ಮಳೆ ಸೇರಿಸುವುದು ಅವರಿಗೆ ಒಪ್ಪಿಗೆಯಾಗುತ್ತಿತ್ತಾ? ಆ ಎಂಟು ತಿಂಗಳು ಖಾಲಿ ಇರಲಿ. ಆ ದಿನಗಳಲ್ಲಿ ಆ ಮನೆಯಲ್ಲಿ ಮಳೆ ಕಡೆ ನೋಡುವವರು ಯಾರೂ ಇರಲಿಲ್ಲ. ಅದೂ ಸರಿಯಾದ ಲೆಕ್ಕವೇ.

ರೈನ್ ಗೇಜ್ ತೆಗೆದು ನೋಡಿ. ಇಷ್ಟು ದಿನ ಯಾರೂ ಮುಟ್ಟಿಲ್ಲ ಅಂದರೆ ಆಲಿಕೆಯಲ್ಲಿ ಸಿಲ್ವರ್ ಓಕ್ ಎಲೆ ಕೊಳೆತಿರುತ್ತದೆ, ಜೇಡ ಮನೆ ಕಟ್ಟಿರುತ್ತದೆ. ತೊಳೆದು ಅದೇ ಜಾಗದಲ್ಲಿ ಇಡಿ, ಜಾಗ ಬದಲಿಸಬೇಡಿ. ಅವರು ಎಷ್ಟು ಹೊತ್ತಿಗೆ ಅಳೆಯುತ್ತಿದ್ದರೋ ಅದೇ ಹೊತ್ತು. ನೆನಪಿಲ್ಲದಿದ್ದರೆ ಬೆಳಿಗ್ಗೆ ಎಂಟೂವರೆ ಇಟ್ಟುಕೊಳ್ಳಿ, ಹವಾಮಾನ ಇಲಾಖೆಯವರದ್ದೂ ಅದೇ ಹೊತ್ತು. ನೂರು ಸೆಂಟ್ಸ್‌ಗೆ ಒಂದು ಇಂಚು, ಇದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಖಾಲಿ ಪುಟಗಳು ಮುಗಿದ ಮೇಲೆ ತಾರೀಖು ಹಾಕಿ, ನಿಮ್ಮ ಅಕ್ಷರದಲ್ಲಿ ಬರೆಯಿರಿ. ಅಕ್ಷರ ಬೇರೆ ಇದ್ದರೆ ಇರಲಿ.

ಅಳೆಯಲು ಹೋದಾಗ ಬಾಯಿಗೆ ಹಾಡು ಬಂದರೆ ತಡೆಯಬೇಡಿ. ಯಾವ ಹಾಡು ಅಂತ ಈ ಸಲವಾದರೂ ಬರೆಯಿರಿ. ಮೊನ್ನೆ ರಾತ್ರಿ ಸೋಮವಾರಪೇಟೆಯಲ್ಲಿ ನಮ್ಮ ಅಂಗಳದ ಲೆಕ್ಕ 70 ಸೆಂಟ್ಸ್. ನಿಮ್ಮ ಕಡೆ ಎಷ್ಟು ಬಂತು?